ಎಲೆಯುದುರಿದ ಕಾಡಿನಲ್ಲಿ ದಾರಿ ತಪ್ಪುವುದೇಕೆ?

ಶಿವರಾತ್ರಿಗೆ ಚಳಿಯು ಶಿವಶಿವಾ ಎನ್ನುತ್ತ ಹೊರಟುಹೋಗುವುದೆಂಬುದು ನಮ್ಮ ಹಿರಿಯರ ಮಾತು. ಚಳಿಯು ಹೊರಟೊಡನೆ ನಗರವಾಸಿಗಳಾದ ನಮ್ಮಲ್ಲಿ ಅನೇಕರಿಗೆ ಬೆಟ್ಟಗುಡ್ಡಗಳ ನೆನಪು ಬರುವುದು. ಮಳೆಗಾಲದ ಕೆಸರಿಲ್ಲ, ಜಿಗಣೆಯ ಕಾಟವಿಲ್ಲ, ಆಕಾಶದಲ್ಲಿ ಮೋಡವಿಲ್ಲ; ಬೆಳಗಿನ ಗಾಳಿಯು ಇನ್ನೂ ಹಿತವಾಗಿದೆ; ಮುತ್ತುಗವು ಹೂಬಿಟ್ಟಿದೆ. ನಡೆಯುವುದಕ್ಕೆ ಇದಕ್ಕಿಂತ ಒಳ್ಳೆಯ ಕಾಲವುಂಟೆ ಎಂದು ಯಾರಿಗಾದರೂ ತೋರುವುದು ಸಹಜವೇ. ಆದರೆ ಮಾಘದ ಕೊನೆಯಿಂದ ಯುಗಾದಿಯವರೆಗಿನ ಈ ಕಾಲದಲ್ಲಿಯೇ ನಮ್ಮ ಒಣಕಾಡುಗಳಲ್ಲಿ ದಾರಿ ತಪ್ಪುವುದು ಬಹು ಸುಲಭ. ಏಕೆ ಹೀಗೆ, ಹೊರಡುವ ಮುನ್ನ ಏನನ್ನು ಸಿದ್ಧಪಡಿಸಿಕೊಳ್ಳಬೇಕು ಎಂಬುದನ್ನು ಈ ಹೊತ್ತು ಶ್ರೋತೃಗಳೊಡನೆ ವಿಚಾರಮಾಡಬೇಕೆಂದಿದ್ದೇವೆ.

ಶೀತದೇಶಗಳಲ್ಲಿ ವಸಂತದ ಆರಂಭವು ಅಪಾಯದ ಕಾಲವೆಂದು ಎಲ್ಲರೂ ಬಲ್ಲರು. ಊರಿನಲ್ಲಿ ಹಿಮವು ಕರಗಿದ್ದರೂ ಬೆಟ್ಟದ ಮೇಲೆ ಕರಗಿರುವುದಿಲ್ಲ. ಕಾಲುದಾರಿಯು ಹಿಮದಡಿಯಲ್ಲಿ ಅಡಗಿರುತ್ತದೆ. ಕೆಳಗಿನ ಬಿಸಿಲನ್ನು ನಂಬಿ ಹೊರಟವನು ಮೇಲೆ ಹೋಗಿ ದಿಕ್ಕುಗೆಡುತ್ತಾನೆ. ನಮ್ಮಲ್ಲಿ ಹಿಮವಿಲ್ಲ. ಹಿಮದ ಕೆಲಸವನ್ನು ನಮ್ಮಲ್ಲಿ ಉದುರಿದ ಎಲೆಯು ಮಾಡುತ್ತದೆ. ಅಷ್ಟೇ ಅಲ್ಲ, ಎಲೆಯು ಹಿಮಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಇದ್ದ ದಾರಿಯನ್ನು ಮುಚ್ಚುವುದಲ್ಲದೆ, ಇಲ್ಲದ ದಾರಿಗಳನ್ನು ತೋರಿಸುತ್ತದೆ. ಇದನ್ನು ವಿವರಿಸಲು ಒಂದು ಸ್ಥಳವನ್ನು ಹಿಡಿದುಕೊಳ್ಳುವುದು ಉಚಿತ. ಮಲೆ ಮಹದೇಶ್ವರ ಬೆಟ್ಟವನ್ನೇ ತೆಗೆದುಕೊಳ್ಳೋಣ.

ಕೊಳ್ಳೇಗಾಲದಿಂದ ಹನೂರು, ಕೌದಳ್ಳಿಗಳ ಮೇಲೆ ಹೋಗಿ ತಾಳುಬೆಟ್ಟವನ್ನು ಸೇರಿ, ಅಲ್ಲಿಂದ ಘಟ್ಟದ ತಿರುವುಗಳನ್ನು ಏರಿದರೆ ಸುಮಾರು ಮೂರು ಸಾವಿರ ಅಡಿ ಎತ್ತರದಲ್ಲಿ ಮಹದೇಶ್ವರನ ಗುಡಿಯಿದೆ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ ಈ ಸೀಮೆಯು ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಈಗ ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿನಲ್ಲಿದೆ. ಎಪ್ಪತ್ತೇಳು ಮಲೆಗಳ ಒಡೆಯನೆಂದು ಭಕ್ತರು ದೇವರನ್ನು ಕರೆಯುತ್ತಾರೆ. ಎಪ್ಪತ್ತೇಳನ್ನು ಎಣಿಸಿ ನೋಡಬೇಕಾಗಿಲ್ಲ. ಗುಡಿಯ ಬಳಿ ನಿಂತು ನಾಲ್ಕು ಕಡೆಗೂ ಕಣ್ಣು ಹಾಯಿಸಿದರೆ ಸಾಕು, ಒಂದರ ಹಿಂದೊಂದು, ಒಂದರಂತೆಯೇ ಮತ್ತೊಂದು ಎಂಬಂತೆ ಮಲೆಗಳು ನಿಂತಿರುವುದು ಕಾಣುವುದು. 2013ರಲ್ಲಿ ಇಲ್ಲಿನ ಸುಮಾರು 906 ಚದರ ಕಿಲೋಮೀಟರು ಕಾಡನ್ನು ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಪಶ್ಚಿಮಕ್ಕೆ ಯಳಂದೂರಿನ ಕಡೆಯ ಬಿಳಿಗಿರಿರಂಗನ ಬೆಟ್ಟದ ಕಾಡು, ಉತ್ತರಕ್ಕೂ ಪೂರ್ವಕ್ಕೂ ಕಾವೇರಿ ಕಣಿವೆಯ ಕಾಡು, ದಕ್ಷಿಣಕ್ಕೆ ತಮಿಳುನಾಡಿನ ಸತ್ಯಮಂಗಲದ ಕಾಡು. ಆದಕಾರಣ ಇಲ್ಲಿ ದಾರಿ ತಪ್ಪಿದವನು ಒಂದೇ ಸಮನೆ ನಡೆದರೆ ಯಾವುದಾದರೂ ಊರಿಗೆ ಹೊರಬಿದ್ದೇ ಬೀಳುವನೆಂದು ಹೇಳುವಂತಿಲ್ಲ. ಒಂದು ಕಾಡು ಮುಗಿದಲ್ಲಿ ಮತ್ತೊಂದು ಆರಂಭವಾಗುತ್ತದೆ. ಎರಡು ರಾಜ್ಯಗಳ ಪೋಲೀಸಿನವರು ವರ್ಷಗಟ್ಟಲೆ ಶೋಧಿಸಿದರೂ ಗೋಪಿನಾಥಂ ಊರಿನ ವೀರಪ್ಪನ್ ಎಂಬಾತನು 2004ನೆಯ ಇಸವಿಯವರೆಗೆ ಅವರ ಕೈಗೆ ಸಿಕ್ಕದೆ ಇದ್ದುದು ಇದೇ ಸೀಮೆಯಲ್ಲಿ ಎಂದರೆ ನೆಲದ ಸ್ವಭಾವವು ತಿಳಿದೀತು.

ಇಷ್ಟಾದರೂ ಶಿವರಾತ್ರಿಯ ದಿನಗಳಲ್ಲಿ ಸಾವಿರಾರು ಜನ ಈ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಬರುತ್ತಾರೆ. ಕನಕಪುರದ ಕಡೆಯಿಂದ ಬರುವವರು ನೀರಿಳಿದ ಕಾವೇರಿಯನ್ನು ಕಾಲಿನಿಂದಲೇ ದಾಟಿ, ಕಾಡಿನೊಳಗೆ ನಡೆದು, ಹನೂರಿನ ಸೀಮೆಗೆ ಬಂದು ತಾಳುಬೆಟ್ಟವನ್ನು ಏರುವರು. ಅವರಲ್ಲಿ ಮುದುಕರಿರುತ್ತಾರೆ, ಮಕ್ಕಳಿರುತ್ತಾರೆ, ಬರಿಗಾಲಿನವರಿರುತ್ತಾರೆ. ನಕ್ಷೆ, ದಿಕ್ಸೂಚಿಗಳು ಅವರಲ್ಲಿಲ್ಲ. ಇರುವುದು ಮೂರು ಸಂಗತಿ: ಹಿಂದಿನ ವರ್ಷಗಳಲ್ಲಿ ನಡೆದು ದಾರಿ ಬಲ್ಲ ಹಿರಿಯನೊಬ್ಬನು ಗುಂಪಿನ ಮುಂದಿರುತ್ತಾನೆ, ಹಳೆಯ ದಾರಿಯನ್ನು ಬಿಟ್ಟು ಹೊಸದನ್ನು ಹುಡುಕುವ ಆಸೆ ಯಾರಿಗೂ ಇರುವುದಿಲ್ಲ, ಹಿಂದೆಬಿದ್ದವನ ಕಿವಿಗೆ ಮುಂದಿನವರ ‘ಉಘೇ’ ಎಂಬ ಕೂಗೂ ಕಂಸಾಳೆಯ ನಾದವೂ ಸದಾ ಬೀಳುತ್ತಿರುತ್ತವೆ. ಭಕ್ತಿಯ ಕೂಗು ಕಾಡಿನಲ್ಲಿ ದಾರಿಯ ಕೂಗೂ ಆಗಿರುವುದನ್ನು ನಾವು ಗಮನಿಸಬೇಕು. ನಗರದಿಂದ ಬರುವ ಕಾಡುನಡಿಗೆಯವನು, ಎಂದರೆ ಈಗ ಚಾರಣಿಗನೆಂದು ಕರೆಯಿಸಿಕೊಳ್ಳುವವನು, ಈ ಮೂರನ್ನೂ ಬಿಟ್ಟು ಹೊರಡುತ್ತಾನೆ. ಜಾತ್ರೆಯ ಜನ ತುಳಿದು ಅಗಲಮಾಡಿದ ದಾರಿಯನ್ನು ಚಿತ್ರದಲ್ಲಿ ನೋಡಿ, ಕಾಡಿನ ದಾರಿಗಳೆಲ್ಲವೂ ಹಾಗೆಯೇ ಇರುವುವೆಂದು ಭಾವಿಸುತ್ತಾನೆ.

ಈಗ ಕಾಡಿನೊಳಗಿನ ಸ್ಥಿತಿಯನ್ನು ನೋಡೋಣ. ಇಲ್ಲಿನದು ಹೆಚ್ಚಾಗಿ ಎಲೆಯುದುರುವ ಒಣಕಾಡು. ದಿಂಡಿಗ, ಮತ್ತಿ, ತೇಗ ಮುಂತಾದ ಮರಗಳು ಪುಷ್ಯಮಾಘಗಳಲ್ಲಿ ಎಲೆಗಳನ್ನು ಉದುರಿಸುತ್ತವೆ. ಮಳೆಗಾಲದಲ್ಲಿ ಎದೆಯೆತ್ತರ ಬೆಳೆದ ಹುಲ್ಲಿನ ಮಧ್ಯೆ ಕಾಲುದಾರಿಯೊಂದೇ ಬೋಳಾಗಿ, ಬೈತಲೆಯಂತೆ ಸ್ಪಷ್ಟವಾಗಿ ಕಾಣುತ್ತಿದ್ದಿತು. ಅದನ್ನು ಬಿಟ್ಟು ಹೋಗಬೇಕೆಂದರೂ ಹುಲ್ಲುಮುಳ್ಳುಗಳು ಬಿಡುತ್ತಿರಲಿಲ್ಲ. ಫಾಲ್ಗುಣದ ಹೊತ್ತಿಗೆ ಹುಲ್ಲು ಒಣಗಿ ಬಿದ್ದಿದೆ, ಇಲ್ಲವೆ ದನ ಮೇದಿದೆ. ದಾರಿಯ ಮೇಲೂ ದಾರಿಯ ಆಚೆಗೂ ಒಂದೇ ಬಣ್ಣದ ಎಲೆಯ ಹಾಸು. ಎಲ್ಲಿ ಕಾಲಿಟ್ಟರೂ ನಡೆಯಬಹುದು. ಎಲ್ಲಿ ಬೇಕಾದರೂ ನಡೆಯಬಹುದಾದ ಕಾಡೇ ದಾರಿ ತಪ್ಪಿಸುವ ಕಾಡು.

ಈ ಎಲೆಯ ಹಾಸಿನ ನಡುವೆ ಕಾಣುವ ಬೋಳುಪಟ್ಟೆಗಳು ಹಲವು ಬಗೆಯವು. ಮೊದಲನೆಯವು ದನದ ದಾರಿಗಳು. ಈ ಬೆಟ್ಟಗಳ ಜನರು ಬಹುಕಾಲದಿಂದ ದನಗಳನ್ನು ಕಾಡಿನ ದೊಡ್ಡಿಗಳಲ್ಲಿ ಇರಿಸಿ ಮೇಯಿಸುವವರು. ಆಲಂಬಾಡಿ, ಬರಗೂರು ಎಂಬ ಹೆಸರಾಂತ ತಳಿಗಳ ಸೀಮೆ ಇದು. ದೊಡ್ಡಿಯಿಂದ ದನಗಳು ಬೆಳಗ್ಗೆ ಬೀಸಣಿಗೆಯ ಕಡ್ಡಿಗಳಂತೆ ಹರಡಿಕೊಂಡು ಹೋಗುತ್ತವೆ. ಆ ದಾರಿಯು ಮೊದಲು ಅರ್ಧ ಮೈಲಿ ಬಹು ಚೆನ್ನಾಗಿರುವುದು. ಆಮೇಲೆ ಎರಡಾಗುವುದು, ನಾಲ್ಕಾಗುವುದು, ಕೊನೆಗೆ ಒಂದು ಮೇವಿನ ಬಯಲಿನಲ್ಲಿ ಇಲ್ಲವಾಗುವುದು. ದನವು ಯಾವ ಊರಿಗೂ ಹೋಗುತ್ತಿರಲಿಲ್ಲ, ಹುಲ್ಲಿಗೆ ಹೋಗುತ್ತಿತ್ತು. ಆನೆಯ ದಾರಿಯು ಇದಕ್ಕಿಂತ ಮೋಸದ್ದು. ಅದು ಅಗಲವಾಗಿರುತ್ತದೆ, ಏರಿಳಿತಗಳಲ್ಲಿ ಜಾಣತನದಿಂದ ಓರೆಯಾಗಿ ಸಾಗುತ್ತದೆ, ಒಬ್ಬ ಒಳ್ಳೆಯ ಎಂಜಿನಿಯರನು ಹಾಕಿದ ದಾರಿಯಂತೆಯೇ ಇರುತ್ತದೆ. ಆದರೆ ಈ ತಿಂಗಳುಗಳಲ್ಲಿ ಅದು ಹೋಗುವುದು ಉಳಿದಿರುವ ನೀರಿನ ಕಡೆಗೆ. ಸಂಜೆಯ ಹೊತ್ತಿಗೆ ಆನೆಗಳೂ ಅಲ್ಲಿಗೇ ಬರುತ್ತವೆ.

ಮೂರನೆಯದು ಒಣಗಿದ ಹಳ್ಳ. ಮಳೆಗಾಲದಲ್ಲಿ ಹಳ್ಳವನ್ನು ದಾರಿಯೆಂದು ತಿಳಿಯುವ ಮೂಢನು ಯಾರೂ ಇರನು. ನೀರು ಬತ್ತಿದ ಮೇಲೆ ಅದೇ ಹಳ್ಳವು ಮರಳು ಹಾಸಿದ, ಎರಡು ಕಡೆಯೂ ದಡವುಳ್ಳ, ಮೆಲ್ಲಗೆ ಇಳಿಯುವ ಬೀದಿಯಾಗಿ ತೋರುವುದು. ಕಾಲುದಾರಿಯು ಹಳ್ಳವನ್ನು ಅಡ್ಡ ಹಾಯುವ ಜಾಗದಲ್ಲಿ ಮಾತನಾಡುತ್ತ ಬಂದ ಗುಂಪು, ಎದುರು ದಡವನ್ನು ಏರುವುದಕ್ಕೆ ಬದಲಾಗಿ ಹಳ್ಳದಲ್ಲಿಯೇ ಇಳಿದುಕೊಂಡು ಹೋಗುವುದುಂಟು. ನಾಲ್ಕನೆಯದು ಅರಣ್ಯ ಇಲಾಖೆಯ ಬೆಂಕಿರೇಖೆ. ಕಾಳ್ಗಿಚ್ಚು ಹರಡದಂತೆ ಬೇಸಿಗೆಗೆ ಮುಂಚೆ ಕಾಡಿನಲ್ಲಿ ಉದ್ದಕ್ಕೂ ಪಟ್ಟೆಯಾಗಿ ಹುಲ್ಲುಪೊದೆಗಳನ್ನು ಸವರಿ ಸುಟ್ಟು ಬಯಲು ಮಾಡಿರುತ್ತಾರೆ. ಹೊಸಬನಿಗೆ ಇದಕ್ಕಿಂತ ದೊಡ್ಡ ರಾಜಮಾರ್ಗವು ಕಾಡಿನಲ್ಲಿ ಕಾಣದು. ಅದು ಬೆಂಕಿಯನ್ನು ತಡೆಯುವ ಗೆರೆ. ಜನರನ್ನು ಊರಿಗೆ ಸೇರಿಸುವ ಉದ್ದೇಶ ಅದಕ್ಕಿಲ್ಲ. ಇವೆಲ್ಲಕ್ಕೂ ಮೇಲೆ ಲಂಟಾನ. ಅಂದಕ್ಕೆಂದು ಪರದೇಶದಿಂದ ತಂದ ಈ ಗಿಡವು ಇಂದು ನಮ್ಮ ಕಾಡುಗಳನ್ನು ಆವರಿಸಿದೆ. ಮಹದೇಶ್ವರ ಬೆಟ್ಟದ ಜನರು ಅದರ ಕಡ್ಡಿಗಳಿಂದ ಕುರ್ಚಿಮೇಜುಗಳನ್ನು ಮಾಡಲು ಕಲಿತಿರುವುದು ಮೆಚ್ಚತಕ್ಕದ್ದು. ಆದರೆ ನಡೆಯುವವನಿಗೆ ಲಂಟಾನದ ಪೊದೆಯು ಗೋಡೆ. ಅದನ್ನು ಬಳಸಿಕೊಂಡು ಹತ್ತು ಸಾರಿ ಎಡಕ್ಕೂ ಬಲಕ್ಕೂ ತಿರುಗಿದವನಿಗೆ ತಾನು ಹೊರಟ ದಿಕ್ಕು ಯಾವುದೆಂಬುದು ಮರೆತುಹೋಗುತ್ತದೆ.

ಹೀಗೆ ವಸಂತದ ಆರಂಭದಲ್ಲಿ ಕಾಡಿನೊಳಗೆ ದಾರಿಗಳ ಬಡತನವಿಲ್ಲ, ಸಮೃದ್ಧಿಯಿದೆ. ಮನುಷ್ಯನ ದಾರಿಯು ಮಂಕಾಗಿ, ಮೃಗಗಳ ದಾರಿ, ನೀರಿನ ದಾರಿ, ಬೆಂಕಿಯ ದಾರಿಗಳು ಉಜ್ಜ್ವಲವಾಗಿ ಕಾಣುತ್ತವೆ. ಯಾವ ದಾರಿಯೂ ಸಿಕ್ಕದಿದ್ದರೆ ಮನುಷ್ಯನು ಬೇಗನೆ ನಿಲ್ಲುತ್ತಾನೆ. ಒಳ್ಳೆಯ ದಾರಿಯೊಂದು ಕಾಲಡಿಯಲ್ಲಿ ಇರುವವರೆಗೆ ಅನುಮಾನವೇ ಹುಟ್ಟುವುದಿಲ್ಲ. ಅನುಮಾನ ಹುಟ್ಟುವ ಹೊತ್ತಿಗೆ ಎರಡು ಮೈಲಿ ಕಳೆದಿರುತ್ತದೆ.

ಕಣ್ಣು ಮಾಡುವ ಮೋಸವನ್ನೂ ಹೇಳಬೇಕು. ಎಲೆಯಿಲ್ಲದ ಕಾಡಿನಲ್ಲಿ ನೋಟವು ದೂರಕ್ಕೆ ಹರಿಯುವುದು. ಎದುರು ಮಲೆಯ ಮೇಲಿನ ರಸ್ತೆಯ ತಿರುವು ಕಾಣುತ್ತದೆ, ಘಟ್ಟವನ್ನು ಏರುವ ಬಸ್ಸಿನ ಸದ್ದು ಕೇಳುತ್ತದೆ. ‘ಅಗೋ ರಸ್ತೆ, ಅರ್ಧ ಗಂಟೆಯ ಕೆಲಸ’ ಎಂದು ಕಾಲುದಾರಿಯನ್ನು ಬಿಟ್ಟು ನೇರವಾಗಿ ಇಳಿದವನಿಗೆ ನಡುವಿನ ಕಮರಿಯು ಮೇಲಿನಿಂದ ಕಂಡಿರುವುದಿಲ್ಲ. ಕಾಣುವುದು ಬೇರೆ, ಸೇರುವುದು ಬೇರೆ. ಗುರುತುಗಳೂ ಈ ಕಾಲದಲ್ಲಿ ಮೋಸಮಾಡುತ್ತವೆ. ದೀಪಾವಳಿಯಲ್ಲಿ ಬಂದು ದಟ್ಟವಾದ ನೆರಳಿನ ಮರವೊಂದನ್ನು ಗುರುತಿಟ್ಟುಕೊಂಡವನು ಶಿವರಾತ್ರಿಯಲ್ಲಿ ಬಂದರೆ ಅದೇ ಮರವು ಬೋಳು ಕಂಬವಾಗಿ ನಿಂತಿರುತ್ತದೆ. ಕೆಂಪು ಹೂವಿನ ಮರದ ಬಳಿ ಎಡಕ್ಕೆ ತಿರುಗಬೇಕೆಂದು ಗೆಳೆಯನು ಹೇಳಿಕಳುಹಿಸಿದ್ದರೆ, ಕೆಂಪು ಹೂವಿನ ಮರಗಳು ಇಳಿಜಾರಿನ ತುಂಬ ನಿಂತು ಸ್ವಾಗತಿಸುತ್ತವೆ. ಮುತ್ತುಗವು ಒಂದೇ ಮರವಾಗಿ ಹೂಬಿಡುವ ಜಾತಿಯಲ್ಲ. ಬಂಡೆ, ದಿಣ್ಣೆಯ ಆಕಾರ, ಕಟ್ಟೆ, ಕಲ್ಲುಗುಂಡುಗಳ ಸಾಲು, ಇವು ಋತುವಿನೊಡನೆ ಬದಲಾಗವು. ಗುರುತೆಂದರೆ ಇಂತಹವನ್ನೇ ಇಟ್ಟುಕೊಳ್ಳಬೇಕು.

ದಾರಿ ತಪ್ಪುವುದು ಹೋಗುವಾಗಲೇ ಎಂದು ಅನೇಕರ ಎಣಿಕೆ. ನಾವು ಕೇಳಿ ತಿಳಿದಮಟ್ಟಿಗೆ ಬರುವಾಗ ತಪ್ಪುವವರೇ ಹೆಚ್ಚು. ಇದಕ್ಕೆ ಒಂದು ಸರಳವಾದ ಕಾರಣವುಂಟು. ಮಲೆಯ ನೆತ್ತಿಗೆ ಏರುವಾಗ ಅಕ್ಕಪಕ್ಕದ ದಾರಿಗಳು ಹಿಂದಿನಿಂದ ಬಂದು ನಮ್ಮ ದಾರಿಯನ್ನು ಕೂಡಿಕೊಳ್ಳುತ್ತವೆ. ನಮ್ಮ ಮುಖ ಮೇಲಕ್ಕಿರುವುದರಿಂದ ಅವು ಕಣ್ಣಿಗೆ ಬೀಳವು. ಇಳಿಯುವಾಗ ಅದೇ ಕೂಡುದಾರಿಗಳು ಕವಲುಗಳಾಗಿ ಎದುರು ನಿಲ್ಲುತ್ತವೆ. ಹತ್ತುವಾಗ ಒಂದೇ ದಾರಿಯಿದ್ದಿತು, ಈಗ ಮೂರಾಗಿವೆ, ಇದು ಯಾವ ಜಾಗವೋ ಎಂದು ದಿಗ್ಭ್ರಮೆಯಾಗುವುದು. ಹತ್ತುವಾಗಲೇ ಗಳಿಗೆಗೊಮ್ಮೆ ಹಿಂತಿರುಗಿ, ಬಂದ ದಾರಿಯು ಹಿಂದಿನಿಂದ ಹೇಗೆ ಕಾಣುವುದೆಂದು ನೋಡಿಕೊಳ್ಳುವವನಿಗೆ ಈ ತೊಂದರೆಯಿಲ್ಲ. ಕಾಸು ಖರ್ಚಿಲ್ಲದ ಈ ಅಭ್ಯಾಸವು ಬೆಲೆಬಾಳುವ ಬೂಟುಗಳಿಗಿಂತ ಉಪಯೋಗದ್ದು.

ಸೂರ್ಯನನ್ನು ನೋಡಿ ದಿಕ್ಕು ತಿಳಿಯಬಹುದಲ್ಲ ಎಂದು ಕೇಳಬಹುದು. ಬೆಳಗ್ಗೆಯೂ ಸಂಜೆಯೂ ಖಂಡಿತವಾಗಿ ತಿಳಿಯಬಹುದು. ಮಾರ್ಚಿ 20-21ರ ಸುಮಾರಿಗಂತೂ ಸೂರ್ಯನು ಸರಿಯಾಗಿ ಪೂರ್ವದಲ್ಲಿಯೇ ಹುಟ್ಟುತ್ತಾನೆ. ತೊಡಕು ಇರುವುದು ನಡುಹಗಲಿನಲ್ಲಿ. ಮಹದೇಶ್ವರ ಬೆಟ್ಟವು ಹೆಚ್ಚುಕಡಮೆ ಹನ್ನೆರಡು ಡಿಗ್ರಿ ಅಕ್ಷಾಂಶದಲ್ಲಿದೆ. ಡಿಸೆಂಬರಿನ ನಡುಹಗಲಿನಲ್ಲಿ ಐದೂವರೆ ಅಡಿ ಎತ್ತರದ ಮನುಷ್ಯನಿಗೆ ಸುಮಾರು ನಾಲ್ಕಡಿ ಉದ್ದದ ನೆರಳು ಉತ್ತರಕ್ಕೆ ಬೀಳುವುದು. ಮಾರ್ಚಿಯ ಕೊನೆಗೆ ಅದು ಒಂದಡಿಗೆ ಇಳಿಯುತ್ತದೆ. ಹನ್ನೊಂದರಿಂದ ಎರಡು ಗಂಟೆಯವರೆಗೆ ನೆರಳು ಕಾಲಡಿಯಲ್ಲಿ ಮುದುರಿಕೊಂಡಿದ್ದು ಹೊಸಬನಿಗೆ ಏನನ್ನೂ ಹೇಳದು. ದೂರದ ಮಲೆಗಳೂ ಧೂಳುಮಂಜಿನಲ್ಲಿ ಕರಗಿಹೋಗಿರುತ್ತವೆ.

ಗುರುತುಗಳಿಲ್ಲದ ಕಡೆ ಮನುಷ್ಯನು ನೇರವಾಗಿ ನಡೆಯಲಾರನೆಂಬುದು ಈಗ ಪರೀಕ್ಷೆಯಿಂದ ಸಿದ್ಧವಾಗಿರುವ ಸಂಗತಿ. ಜರ್ಮನಿಯ ವಿಜ್ಞಾನಿಗಳು ಅಲ್ಲಿನ ಕಾಡೊಂದರಲ್ಲಿಯೂ ಟ್ಯುನೀಷಿಯದ ಮರಳುಗಾಡಿನಲ್ಲಿಯೂ ಜನರನ್ನು ನಡೆಯಿಸಿ ನೋಡಿ 2009ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಸೂರ್ಯನು ಕಾಣುತ್ತಿದ್ದಾಗ ಜನರು ಸಾಕಷ್ಟು ನೇರವಾಗಿ ನಡೆದರು. ಮೋಡ ಮುಚ್ಚಿದಾಗ ತಮಗೆ ತಿಳಿಯದಂತೆಯೇ ಸುತ್ತುಹಾಕಿ, ತಾವು ನಡೆದ ದಾರಿಯನ್ನೇ ಮತ್ತೆ ದಾಟಿದರು. ನಮ್ಮ ಮಲೆನಾಡಿನಲ್ಲಿ ಯಾವುದೋ ಒಂದು ಬಳ್ಳಿಯನ್ನು ತುಳಿದವನು ದಿಕ್ಕು ತಪ್ಪಿ ಸುತ್ತಿದಲ್ಲಿಯೇ ಸುತ್ತುವನೆಂಬ ನಂಬಿಕೆಯುಂಟು. ಬಳ್ಳಿಯ ಮಾತು ಹೇಗಾದರೂ ಇರಲಿ, ಸುತ್ತುವ ಮಾತು ನಿಜ.

ಇನ್ನು ನೀರು ಮತ್ತು ಹೊತ್ತು. ಬಿಸಿಲಿನಲ್ಲಿ ಏರು ನಡೆಯುವವನ ಮೈಯಿಂದ ಗಂಟೆಗೆ ಒಂದು ಲೀಟರಿನವರೆಗೂ ಬೆವರು ಹೋಗಬಹುದು. ಬೆಳಗ್ಗೆ ತಂಪಾಗಿರುವುದರಿಂದ ಒಂದು ಸೀಸೆ ನೀರು ಸಾಕೆಂದು ಹೊರಟವರೇ ಹೆಚ್ಚು. ನಕ್ಷೆಯಲ್ಲಿ ಕಾಣುವ ಹಳ್ಳಗಳಲ್ಲಿ ಈಗ ಮರಳು ಮಾತ್ರವಿದೆ. ನೀರು ಕಡಮೆಯಾದಾಗ ಕಾಲಿಗಿಂತ ಮೊದಲು ಸೋಲುವುದು ವಿವೇಕ. ಬಾಯಾರಿದವನು ಅಡ್ಡದಾರಿಯನ್ನು ಹುಡುಕುತ್ತಾನೆ. ಒಬ್ಬೊಬ್ಬರಿಗೆ ನಾಲ್ಕು ಲೀಟರು ನೀರು ಭಾರವೆಂದು ತೋರಿದರೆ, ಆ ನಡಿಗೆಯನ್ನು ಕಾರ್ತಿಕಕ್ಕೆ ಮುಂದೂಡುವುದು ಮೇಲು. ಹೊತ್ತನ್ನು ಅಳೆಯುವುದಕ್ಕೆ ನೇಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿಯು 1892ರಲ್ಲಿ ಹೇಳಿದ ಲೆಕ್ಕ ಈಗಲೂ ಬಳಕೆಯಲ್ಲಿದೆ: ಮೂರು ಮೈಲಿಗೆ ಒಂದು ಗಂಟೆ, ಅದರ ಮೇಲೆ ಎರಡು ಸಾವಿರ ಅಡಿ ಏರಿಗೆ ಇನ್ನೊಂದು ಗಂಟೆ. ಅದು ಸ್ಕಾಟ್ಲೆಂಡಿನ ತಂಪಿನಲ್ಲಿ ಪಳಗಿದ ಕಾಲುಗಳ ಲೆಕ್ಕ. ನಮ್ಮ ಫಾಲ್ಗುಣದ ಬಿಸಿಲಿಗೆ ಅದರ ಅರ್ಧದಷ್ಟನ್ನಾದರೂ ಸೇರಿಸಿಕೊಳ್ಳಬೇಕು. ಬೆಟ್ಟದಿಂದ ನಾಗಮಲೆಗೆ ಹತ್ತು ಕಿಲೋಮೀಟರಿಗಿಂತ ಹೆಚ್ಚಿನ ದಾರಿ. ಹೋದಷ್ಟನ್ನೇ ಮರಳಿ ಬರಬೇಕು. ಸೂರ್ಯಾಸ್ತವು ಆರೂವರೆಯ ಸುಮಾರಿಗಾದರೂ ಕಣಿವೆಗಳಲ್ಲಿ ಒಂದು ಗಂಟೆ ಮೊದಲೇ ಬಿಸಿಲು ಇಲ್ಲವಾಗುತ್ತದೆ. ಸೂರ್ಯನು ಮುಳುಗಿದ ಮೇಲೆ ಇಂಗ್ಲೆಂಡಿನಲ್ಲಿರುವಂತೆ ದೀರ್ಘವಾದ ಸಂಧ್ಯೆ ನಮಗಿಲ್ಲ. ಇಪ್ಪತ್ತು ನಿಮಿಷಗಳಲ್ಲಿ ಕಾಲಡಿಯ ಎಲೆಯೂ ಕಲ್ಲೂ ಒಂದೇ ಆಗುತ್ತವೆ.

ಬೆಂಕಿಯ ಮಾತನ್ನು ಬೇರೆಯಾಗಿಯೇ ಹೇಳಬೇಕು. 2018ನೆಯ ಮಾರ್ಚಿ 11ರಂದು ತಮಿಳುನಾಡಿನ ತೇನಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ನಡೆದುಹೋಗುತ್ತಿದ್ದ ತಂಡಗಳು ಕಾಳ್ಗಿಚ್ಚಿಗೆ ಸಿಕ್ಕಿ, ಇಪ್ಪತ್ತಕ್ಕಿಂತ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಮಾರನೆಯ ವರ್ಷ ಫೆಬ್ರವರಿಯಲ್ಲಿ ನಮ್ಮ ಬಂಡೀಪುರದಲ್ಲಿ ಸಾವಿರಾರು ಎಕರೆ ಕಾಡು ಸುಟ್ಟುಹೋಯಿತು. ಒಣಹುಲ್ಲಿನ ಇಳಿಜಾರಿನಲ್ಲಿ ಬೆಂಕಿಯು ಮೇಲಕ್ಕೆ ಓಡುವ ವೇಗವು ಮನುಷ್ಯನು ಹತ್ತುವ ವೇಗಕ್ಕಿಂತ ಬಹಳ ಹೆಚ್ಚು. ಹೊಗೆಯಲ್ಲಿ ಬಲ್ಲ ದಾರಿಯೂ ಕಾಣದು. ಹೊಗೆಯನ್ನು ಕಂಡ ಕೂಡಲೇ, ಅದು ಎಷ್ಟೇ ದೂರದಲ್ಲಿರಲಿ, ಹಿಂತಿರುಗತಕ್ಕದ್ದು. ಬೆಂಕಿಗಿಂತ ಮೇಲಿನ ಹುಲ್ಲುಗಾವಲಿನಲ್ಲಿ ನಿಂತು ನೋಡತಕ್ಕದ್ದಲ್ಲ. ತಪ್ಪಿಸಿಕೊಳ್ಳಲು ಹಿಂದೆ ದಾರಿಯಿಲ್ಲದಿದ್ದರೆ, ಬರಿ ಬಂಡೆ ಅಥವಾ ಆಗಲೇ ಸುಟ್ಟು ಕರಿಯಾದ ನೆಲವೇ ಹೆಚ್ಚು ಕ್ಷೇಮ.

ಇಲ್ಲಿ ಇಂಗ್ಲಿಷ್ ಕೈಪಿಡಿಗಳನ್ನು ಓದಿದವರಿಗೆ ಒಂದು ಎಚ್ಚರಿಕೆಯನ್ನು ಹೇಳುವುದು ಅಗತ್ಯ. ಆ ಪುಸ್ತಕಗಳಲ್ಲಿ ದಾರಿ ತಪ್ಪಿದವನಿಗೆ ಎರಡು ಉಪದೇಶಗಳು ಸಾಮಾನ್ಯವಾಗಿ ಸಿಕ್ಕುತ್ತವೆ: ತೊರೆಯನ್ನು ಹಿಡಿದು ಕೆಳಗಿಳಿ, ಮತ್ತು ಬೆಂಕಿಯನ್ನು ಹೊತ್ತಿಸು. ಎರಡೂ ಈ ಬೆಟ್ಟಗಳಿಗೆ ಈ ಕಾಲದಲ್ಲಿ ಒಪ್ಪವು. ಎಲೆಯ ಹಾಸಿನ ನಡುವೆ ಹೊತ್ತಿಸಿದ ಬೆಂಕಿಯು ಹೊತ್ತಿಸಿದವನನ್ನೇ ಮೊದಲು ಹಿಡಿಯಬಹುದು. ತೊರೆಯ ವಿಷಯ ಇನ್ನೂ ವಿಚಾರಾರ್ಹ. ಯೂರೋಪಿನಲ್ಲಿ ಊರುಗಳು ಕಣಿವೆಗಳಲ್ಲಿರುವುವಾದ್ದರಿಂದ ನೀರಿನೊಡನೆ ಇಳಿದವನು ಊರನ್ನು ಸೇರುತ್ತಾನೆ. ಮಹದೇಶ್ವರ ಬೆಟ್ಟದಲ್ಲಿ ಇಂಡಿಗನತ್ತ, ಪಡಸಲನತ್ತ, ತುಳಸಿಕೆರೆ, ನಾಗಮಲೆ ಮೊದಲಾದ ಊರುಗಳು ಮಲೆಗಳ ಮೇಲೆಯೇ ಇವೆ. ಪೂರ್ವದ ಹಳ್ಳವನ್ನು ಹಿಡಿದು ಇಳಿದವನು ಕಡಿದಾದ ಒಣಜಲಪಾತಗಳನ್ನು ಎದುರಿಸಿ, ಕೊನೆಗೆ ತಲಪುವುದು ಪಾಲಾರ್ ಮತ್ತು ಕಾವೇರಿಯ ಕಣಿವೆಯ ನಿರ್ಜನವಾದ ಕಾಡನ್ನು.

ಊರುಗಳ ಹೆಸರುಗಳೇ ಇಲ್ಲಿ ಒಂದು ನಕ್ಷೆ. ‘ನತ್ತ’ವೆಂದರೆ ಜನವಸತಿಯ ನೆಲ, ‘ದೊಡ್ಡಿ’ ಎಂದರೆ ದನದ ನೆಲೆ, ‘ಕೆರೆ’ ಎಂದಲ್ಲಿ ಒಂದು ಕಾಲಕ್ಕಾದರೂ ನೀರಿದ್ದಿತು. ಬೆಟ್ಟದ ಬೇಡಗಂಪಣರೂ ಸೋಲಿಗರೂ ಪ್ರತಿಯೊಂದು ದಿಣ್ಣೆಗೂ ಬಂಡೆಗೂ ಹೆಸರಿಟ್ಟಿದ್ದಾರೆ. ದಾರಿಯನ್ನು ವಿಚಾರಿಸುವಾಗ ‘ಎಷ್ಟು ದೂರ?’ ಎಂದು ಕೇಳುವುದರಿಂದ ಪ್ರಯೋಜನ ಅಲ್ಪ, ‘ಇಲ್ಲೇ’ ಎಂಬ ಉತ್ತರವು ಬರುವುದು ಖಂಡಿತ. ದಾರಿಯಲ್ಲಿ ಯಾವ ಯಾವ ಹೆಸರಿನ ಜಾಗಗಳು ಒಂದಾದ ಮೇಲೊಂದು ಸಿಕ್ಕುವುವೆಂದು ಕೇಳಿ, ಕ್ರಮವಾಗಿ ಬರೆದುಕೊಳ್ಳಬೇಕು. ಮುಂದಿನ ಹೆಸರು ಬರಬೇಕಾದ ಹೊತ್ತಿಗೆ ಬರದಿದ್ದರೆ ದಾರಿ ತಪ್ಪಿದೆಯೆಂದು ಅಲ್ಲಿಯೇ ತಿಳಿಯುವುದು.

ನಾವು ಪಾಠ ಹೇಳುವ ಕಾಲೇಜಿನ ಹುಡುಗರಲ್ಲಿ ಪ್ರತಿ ಫೆಬ್ರವರಿಯಲ್ಲಿಯೂ ಒಂದೆರಡು ಗುಂಪುಗಳು ನಾಗಮಲೆಯ ಯೋಚನೆ ಮಾಡುವುದುಂಟು. ಆನೆಯನ್ನು ಕುರಿತು ಕೇಳುವರು, ಹುಲಿಯನ್ನು ಕುರಿತು ಕೇಳುವರು; ದಾರಿಯನ್ನು ಕುರಿತು ಕೇಳಿದರೆ ಜೇಬಿನ ಫೋನನ್ನು ತಟ್ಟಿ ತೋರಿಸುವರು. ಫೋನು ಒಳ್ಳೆಯ ಸೇವಕ. ದೂರವಾಣಿಯ ಸಂಪರ್ಕವಿಲ್ಲದ ಕಡೆಯೂ ಉಪಗ್ರಹಗಳ ಸಹಾಯದಿಂದ ಅದು ನಮ್ಮ ಸ್ಥಳವನ್ನು ಗುರುತಿಸುತ್ತದೆ. ಆದರೆ ನಕ್ಷೆಯನ್ನು ಮನೆಯಲ್ಲಿಯೇ ಇಳಿಸಿಕೊಂಡಿರದಿದ್ದರೆ ಖಾಲಿ ಹಾಳೆಯ ಮೇಲೊಂದು ನೀಲಿ ಚುಕ್ಕೆಯಷ್ಟೇ ಕಾಣುವುದು; ನಕ್ಷೆಯಿದ್ದರೂ ಅದರ ಮೇಲಿನ ಗೆರೆಯನ್ನು ಎಳೆದವನು ದನದ ದಾರಿಯಲ್ಲಿ ಹೋಗಿದ್ದವನೋ ಏನೋ ಬಲ್ಲವರಾರು? ಚಿತ್ರ ತೆಗೆಯುತ್ತ ಮಧ್ಯಾಹ್ನದೊಳಗೆ ವಿದ್ಯುತ್ತನ್ನು ಮುಗಿಸಿಕೊಂಡ ಫೋನು ಕನ್ನಡಿಗಿಂತ ಹೆಚ್ಚಿನದಲ್ಲ.

ಸಿದ್ಧತೆಯಲ್ಲಿ ಮೊದಲನೆಯದು ಅನುಮತಿ. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಮಿತಿಮೀರಿ ಜನ ಸೇರಿದ ಮೇಲೆ ಸರ್ಕಾರವು ಕಾಡುನಡಿಗೆಗೆ ಮುಂಗಡ ನೋಂದಣಿಯ ಕಟ್ಟುಪಾಡನ್ನು ವಿಧಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಅರಣ್ಯ ಇಲಾಖೆಯು ‘ಅರಣ್ಯ ವಿಹಾರ’ ಎಂಬ ಅಂತರ್ಜಾಲದ ವ್ಯವಸ್ಥೆಯನ್ನು ತೆರೆಯಿತು. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯದಿಂದ ಇಲಾಖೆಯವರು ದಾರಿಗಳನ್ನು ಮುಚ್ಚುವುದುಂಟು; ಮುಚ್ಚಿದಾಗ ಕಳ್ಳದಾರಿಯಿಂದ ಹೋದವನನ್ನು ಯಾರೂ ಹುಡುಕಲು ಹೊರಡರು, ಹೋಗಿರುವುದೇ ಯಾರಿಗೂ ತಿಳಿದಿರುವುದಿಲ್ಲ. ಎರಡನೆಯದು ಊರಿನ ಒಬ್ಬ ಜೊತೆಗಾರ. ಅವನಿಗೆ ಕೊಡುವ ಕೂಲಿಯನ್ನು ಉಳಿಸಬೇಕೆಂಬುದು ಕೆಟ್ಟ ಜಿಪುಣತನ. ಮಿಕ್ಕುದನ್ನು ಬೇಗನೆ ಹೇಳಿಬಿಡಬಹುದು: ನೀರು, ಸ್ವಲ್ಪ ಉಪ್ಪು ಸೇರಿದ ತಿಂಡಿ, ಕೈದೀಪ, ಸೀಟಿ, ಕಾಗದದ ನಕ್ಷೆ, ದಿಕ್ಸೂಚಿ, ರಾತ್ರಿಯ ಚಳಿಗೊಂದು ಹೊದಿಕೆ. ಗುಂಪಿನಲ್ಲಿ ಎಲ್ಲರಿಗಿಂತ ಮೆಲ್ಲಗೆ ನಡೆಯುವವನನ್ನು ಕೊನೆಗೆ ಬಿಡಬಾರದು; ದಾರಿ ಬಲ್ಲ ಇಬ್ಬರಲ್ಲಿ ಒಬ್ಬನು ಮುಂದೆ, ಒಬ್ಬನು ಹಿಂದೆ. ಹಿಂತಿರುಗುವ ಗಂಟೆಯನ್ನು ಬೆಳಗ್ಗೆಯೇ ಗೊತ್ತುಮಾಡಿ, ನೆತ್ತಿಯು ಕಣ್ಣೆದುರಿಗೇ ಇದ್ದರೂ ಆ ಗಂಟೆಗೆ ತಿರುಗಬೇಕು. ಇದು ಹೇಳುವಷ್ಟು ಸುಲಭವಲ್ಲ.

ಇಷ್ಟಾದ ಮೇಲೂ ದಾರಿ ತಪ್ಪಿದರೆ? ಮೊದಲು ನಿಲ್ಲಬೇಕು, ಕುಳಿತುಕೊಳ್ಳ ಬೇಕು, ನೀರು ಕುಡಿಯಬೇಕು. ಖಚಿತವಾಗಿ ತಿಳಿದಿದ್ದ ಕೊನೆಯ ಜಾಗವು ಸಮೀಪದಲ್ಲಿದ್ದು ಹೊತ್ತೂ ಇದ್ದರೆ, ಬಂದ ಹೆಜ್ಜೆಯಲ್ಲಿಯೇ ಅಲ್ಲಿಗೆ ಮರಳಬಹುದು. ಎಲೆಯ ಹಾಸಿನಲ್ಲಿ ನಮ್ಮದೇ ಹೆಜ್ಜೆಗಳು ಕೆದಕಿದ ಗುರುತು ಹಲವೊಮ್ಮೆ ಕಾಣುವುದು. ಹೊಸ ದಾರಿಯನ್ನು ಹುಡುಕುತ್ತ ಗುಂಪನ್ನು ಎರಡು ಮಾಡುವುದು ಬಹು ಕೆಟ್ಟ ಉಪಾಯ. ದಿಣ್ಣೆಯ ಮೇಲೆ ದೂರವಾಣಿಯ ಸಂಪರ್ಕ ಸಿಕ್ಕಿದರೆ 112ಕ್ಕೆ ಕರೆದು, ಫೋನು ತೋರಿಸುವ ಅಕ್ಷಾಂಶ ರೇಖಾಂಶಗಳ ಅಂಕಿಗಳನ್ನು ಓದಿ ಹೇಳಿ, ಅಲ್ಲಿಂದ ಕದಲದಿರಬೇಕು. 2022ನೆಯ ಫೆಬ್ರವರಿ 20ರಂದು ನಂದಿಬೆಟ್ಟದ ಬ್ರಹ್ಮಗಿರಿಯಲ್ಲಿ ಜಾರಿ ಬಂಡೆಯ ಅಂಚಿನಲ್ಲಿ ಸಿಕ್ಕಿಕೊಂಡ ವಿದ್ಯಾರ್ಥಿಯೊಬ್ಬನು ತಾನಿರುವ ನೆಲೆಯನ್ನು ತಿಳಿಸಲು ಶಕ್ತನಾದುದರಿಂದಲೂ, ಅಲ್ಲಿಯೇ ಉಳಿದುದರಿಂದಲೂ ವಾಯುಪಡೆಯ ಹೆಲಿಕಾಪ್ಟರು ಬಂದು ಅವನನ್ನು ಎತ್ತಿಕೊಂಡಿತು. 2019ರಲ್ಲಿ ಕುಮಾರಪರ್ವತದಲ್ಲಿ ಒಂಟಿಯಾಗಿ ಉಳಿದ ಯುವಕನೊಬ್ಬನು ನೀರಿನ ಕೊಳವೆಯೊಂದನ್ನು ಕಂಡು, ಅದನ್ನೇ ಹಿಡಿದು ಜನರಿರುವಲ್ಲಿಗೆ ಬಂದುಸೇರಿದನು. ಕೊಳವೆ, ತಂತಿ, ಬೇಲಿ, ಇವು ಮನುಷ್ಯನ ಕಡೆಗೆ ಹೋಗುವ ದಾರಿಗಳು. ಅಂತಹವು ಕಂಡರೆ ಮಾತ್ರ ನಡೆಯುವುದರಲ್ಲಿ ಅರ್ಥವುಂಟು. ಸೀಟಿಯನ್ನು ನಿಮಿಷಕ್ಕೆ ಆರು ಸಾರಿ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಆರು ಸಾರಿ ಊದುವುದು ಬೆಟ್ಟಗಳಲ್ಲಿ ಅಪಾಯದ ಸಂಕೇತವೆಂದು ಪರ್ವತಾರೋಹಿಗಳಲ್ಲಿ ರೂಢಿ. ಕತ್ತಲಾದರೆ ನಡೆಯಬಾರದು. ನೀರಿನ ಗುಂಡಿಯಿಂದಲೂ ಹಳ್ಳದ ಪಾತ್ರದಿಂದಲೂ ಆನೆಯ ದಾರಿಯಿಂದಲೂ ದೂರವಾಗಿ, ದೊಡ್ಡ ಬಂಡೆಯೊಂದಕ್ಕೆ ಬೆನ್ನು ಕೊಟ್ಟು, ಎಲ್ಲರೂ ಒಟ್ಟಾಗಿ ಕುಳಿತು ಬೆಳಗು ಮಾಡಬೇಕು. ಒಂದು ರಾತ್ರಿಯ ಹಸಿವು ಯಾರನ್ನೂ ಕೊಲ್ಲದು.

ಕೊನೆಯದಾಗಿ ಮನೆಯಲ್ಲಿ ಬಿಟ್ಟುಹೋಗುವ ಒಂದು ಚೀಟಿ. ಯಾರು ಯಾರು ಹೋಗುತ್ತಿದ್ದೇವೆ, ಯಾವ ದಾರಿಯಲ್ಲಿ, ಯಾವ ಬಣ್ಣದ ಅಂಗಿಯಲ್ಲಿ, ಎಷ್ಟು ಗಂಟೆಯೊಳಗೆ ಸುದ್ದಿ ಬಾರದಿದ್ದರೆ ಯಾರಿಗೆ ತಿಳಿಸಬೇಕು ಎಂಬುದನ್ನು ಅದರಲ್ಲಿ ಬರೆದಿರಬೇಕು. ದಾರಿಯನ್ನು ನಡುವೆ ಬದಲಾಯಿಸಿದರೆ ಆ ಚೀಟಿಯು ಸುಳ್ಳಾಗುವುದರಿಂದ, ತಿಳಿಸದೆ ಬದಲಾಯಿಸಬಾರದು. ಕ್ಷೇಮವಾಗಿ ಇಳಿದುಬಂದವರು ಕಾಫಿಗಿಂತ ಮೊದಲು ಮಾಡಬೇಕಾದ ಕೆಲಸವೆಂದರೆ ಅನುಮತಿ ಕೊಟ್ಟ ಠಾಣೆಯಲ್ಲಿ ಬಂದೆವೆಂದು ತಿಳಿಸುವುದು. ತಿಳಿಸದೆ ಬಸ್ಸು ಹತ್ತಿ ಮನೆಗೆ ಹೋಗಿ ಮಲಗಿದವರನ್ನು ಹುಡುಕುತ್ತ, ಕೈದೀಪವೊಂದನ್ನು ಹಿಡಿದು ಆನೆಗಳಿರುವ ಕತ್ತಲೆಗೆ ನಡೆಯುವವರು ಆ ಊರಿನ ಕಾವಲುಗಾರರು.